ನೀತಿವಂತನೂ ದುಷ್ಟನೂ: ಸತ್ಯವೇದದ ಎರಡು ಮಾರ್ಗಗಳು ಮತ್ತು ಬೆಳ್ಳಂದೂರಿನ ಕೆರೆ

ಸಜ್ಜನ ದುರ್ಜನರ ಭೇದವನ್ನು ಹೇಳದ ಧರ್ಮಗ್ರಂಥವು ಲೋಕದಲ್ಲಿಲ್ಲ. ಆದರೆ ಹೇಳುವ ರೀತಿಯು ಒಂದೊಂದು ಕಡೆಯಲ್ಲಿ ಒಂದೊಂದು ವಿಧವಾಗಿರುವುದು. ಭಗವದ್ಗೀತೆಯ 16ನೆಯ ಅಧ್ಯಾಯವು ದೈವಾಸುರ ಸಂಪತ್ತುಗಳನ್ನು ಗುಣಗಳಾಗಿ ಎಣಿಸುತ್ತದೆ. ಸತ್ಯವೇದದ ಜ್ಞಾನೋಕ್ತಿಗಳಾದರೋ, ವಿಶೇಷವಾಗಿ 10ರಿಂದ 15ರವರೆಗಿನ ಅಧ್ಯಾಯಗಳಲ್ಲಿ, ಬಹುಮಟ್ಟಿಗೆ ಒಂದೊಂದು ವಚನವನ್ನೂ ಎರಡು ಪಾದಗಳಾಗಿ ಮಾಡಿ, ಒಂದರಲ್ಲಿ ನೀತಿವಂತನನ್ನೂ ಮತ್ತೊಂದರಲ್ಲಿ ದುಷ್ಟನನ್ನೂ ಎದುರೆದುರಾಗಿ ನಿಲ್ಲಿಸುತ್ತವೆ. ಇಬ್ಬರ ನಾಲಗೆ, ಮನೆ, ದೀಪ, ಕೊನೆಗೆ ಸಾಕಿದ ಪಶುವಿನ ಮೇಲಣ ಕನಿಕರ, ಇವೆಲ್ಲವೂ ಅಲ್ಲಿ ಪರೀಕ್ಷೆಗೆ ಒಳಗಾಗುತ್ತವೆ.

ಕೀರ್ತನೆಗಳಲ್ಲಿ ಮೊದಲನೆಯದು ಇದೇ ಭೇದವನ್ನು ಎರಡು ಉಪಮಾನಗಳಲ್ಲಿ ಅಡಗಿಸಿದೆ. ನೀತಿವಂತನು ನೀರಿನ ಬಳಿ ನೆಟ್ಟ ಮರ. ದುಷ್ಟನು ಗಾಳಿಗೆ ಹಾರುವ ಹೊಟ್ಟು. ಅಲ್ಲಿ ನೀರಿಗೆ ಬಳಸಿರುವ ಇಬ್ರಿಯ ಪದಕ್ಕೆ ಹಂಚಿ ಹರಿಯಿಸಿದ ಕಾಲುವೆಯೆಂಬ ಅರ್ಥವುಂಟು. ಮರವೂ ತಾನಾಗಿ ಬೆಳೆದುದಲ್ಲ, ಒಬ್ಬರು ನೆಟ್ಟುದು. ಬೆಳ್ಳಂದೂರಿನ ಕೆರೆಯ ಕೆಳಗೆ ಗದ್ದೆಯನ್ನು ಮಾಡಿದ ರೈತನಿಗೆ ಈ ಮಾತಿಗೆ ವ್ಯಾಖ್ಯಾನವೇ ಬೇಕಾಗಿರಲಿಲ್ಲ. ತೂಬಿನಿಂದ ಇಳಿದ ನೀರು ಯಾವ ಕಾಲುವೆಗೆ ಎಷ್ಟೆಂಬುದನ್ನೂ, ಕಣದಲ್ಲಿ ರಾಗಿಯನ್ನು ತೂರುವಾಗ ಕಾಳು ಎಲ್ಲಿ ಬೀಳುವುದು, ಹೊಟ್ಟು ಎಲ್ಲಿಗೆ ಹೋಗುವುದು ಎಂಬುದನ್ನೂ ಅವನು ಬಲ್ಲವನಾಗಿದ್ದನು.

ಈ ಉಪಮಾನಗಳು ಕನ್ನಡಕ್ಕೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿ, ವಿಲಿಯಂ ರೀವ್ ಮೊದಲಾದವರ ಸಹಾಯದಿಂದ ಕೈಗೊಂಡ ಭಾಷಾಂತರವು 1831ರಲ್ಲಿ ಸಮಗ್ರವಾಯಿತು. ಮೂಲದಲ್ಲಿರುವ ಎರಡು ಪದಗಳು ನ್ಯಾಯಸ್ಥಾನಕ್ಕೆ ಸಂಬಂಧಿಸಿದವು: ಒಬ್ಬನು ವ್ಯಾಜ್ಯದಲ್ಲಿ ನಿರ್ದೋಷಿಯೆನಿಸಿದವನು, ಮತ್ತೊಬ್ಬನು ಅಪರಾಧಿಯೆನಿಸಿದವನು. ಕನ್ನಡದ ಸತ್ಯವೇದದಲ್ಲಿ ಇವುಗಳಿಗೆ ನೆಲೆನಿಂತ ಶಬ್ದಗಳು ‘ನೀತಿವಂತ’, ‘ದುಷ್ಟ’ ಎಂಬುವು. ನೀತಿಯೆಂಬುದು ‘ನೀ’ ಎಂಬ ಧಾತುವಿನಿಂದ ಹುಟ್ಟಿದುದು; ನಡೆಸಿಕೊಂಡು ಹೋಗುವುದೆಂದು ಅದರ ಅರ್ಥ. ಮೊದಲನೆಯ ಕೀರ್ತನೆಯು ಎರಡು ಮಾರ್ಗಗಳ ಮಾತಿನಿಂದಲೇ ಮುಗಿಯುವುದರಿಂದ ಈ ಶಬ್ದವು ಅಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

1837ರಲ್ಲಿ ಬೆಂಗಳೂರಿಗೆ ಬಂದ ಬೆಂಜಮಿನ್ ರೈಸ್ ಎಂಬ ಪಾದ್ರಿಗಳು ಆ ಭಾಷಾಂತರವನ್ನು ಪರಿಷ್ಕರಿಸುವ ಕಾರ್ಯದಲ್ಲಿ ಬಹುಕಾಲ ಶ್ರಮಪಟ್ಟರು. ಅದೇ ವರುಷ ಇಲ್ಲಿ ಜನಿಸಿದ ಅವರ ಮಗ ಲೂಯಿಸ್ ರೈಸರು ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿದವರು. ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವು 1905ರಲ್ಲಿ ಪ್ರಕಟವಾಯಿತು. ತಂದೆಯು ಇಬ್ರಿಯರ ನೀತಿವಂತ ದುಷ್ಟರನ್ನು ಕನ್ನಡಕ್ಕೆ ಒಪ್ಪವಿಡುತ್ತಿದ್ದರೆ, ಮಗನು ಕನ್ನಡದ ಕಲ್ಲುಗಳಲ್ಲಿಯೇ ಮೊದಲಿನಿಂದ ಇದ್ದ ಅಂಥದೇ ಭೇದವನ್ನು ಓದಿ ಬೆಳಕಿಗೆ ತಂದನು. ದಾನವನ್ನು ಕಾಪಾಡಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಟ್ಟ ಪುಣ್ಯ, ಕೆಡಿಸಿದವನಿಗೆ ಅಲ್ಲಿಯೇ ಅವನ್ನು ಕೊಂದ ಪಾಪ, ಎಂದು ಎಷ್ಟೋ ಶಾಸನಗಳು ಮುಗಿಯುತ್ತವೆ. ಕೆರೆಯನ್ನೂ ಆರವೆಯನ್ನೂ ಅಳಿಯುವುದು ಅಂಥ ಶಾಪಗಳಲ್ಲಿ ಮಹಾಪಾತಕವಾಗಿ ಎಣಿಸಲ್ಪಟ್ಟಿದೆ. ಬೆಳ್ಳಂದೂರಿನ ನೆರೆಯ ಅಗರದಲ್ಲಿರುವ, ಗಂಗರ ಕಾಲದ ಸುಮಾರು 870ರ ಶಾಸನವು, ಇರುಗಮಯ್ಯನ ಮಗನಾದ ಸಿರಿಮಯ್ಯನು ಎರಡು ಕೆರೆಗಳಿಗೆ ತೂಬನ್ನಿರಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಬಿತ್ತುವಟ್ಟವೆಂಬ ಕೊಡುಗೆಯನ್ನು ಪಡೆದುದನ್ನು ತಿಳಿಸುತ್ತದೆ. ಈ ಸೀಮೆಯಲ್ಲಿ ಪುಣ್ಯವೆಂದರೆ ನೀರನ್ನು ನಿಲ್ಲಿಸಿ ಹಂಚುವುದೇ ಆಗಿದ್ದಿತು.

ಇಷ್ಟಾದರೂ ಸತ್ಯವೇದವು ತಾನು ಮಾಡಿದ ವಿಭಾಗವನ್ನು ತಾನೇ ಸಂದೇಹಿಸುವುದೆಂಬುದು ಗಮನಾರ್ಹವಾದುದು. ದುಷ್ಟರು ಏಕೆ ಏಳಿಗೆ ಹೊಂದುವರೆಂದು ಯೆರೆಮೀಯನು ದೇವರೊಡನೆಯೇ ವಾದಿಸುತ್ತಾನೆ. 73ನೆಯ ಕೀರ್ತನೆಯು ಅವರ ಕೊಬ್ಬಿದ ಬಾಳನ್ನು ಕಂಡು ಕಾಲು ಜಾರಲಿದ್ದವನ ಮಾತು. ಯೋಬನ ಗ್ರಂಥವಂತೂ ಕಷ್ಟಪಡುವವನೆಲ್ಲ ಪಾಪಿಯೆಂಬ ಸ್ನೇಹಿತರ ವಾದವನ್ನು ಖಂಡಿಸುವುದು.

ಬೆಳ್ಳಂದೂರಿನಲ್ಲಿ ಈ ಸಂದೇಹವು ಕಣ್ಣೆದುರಿಗೇ ಬಂದಿತು. ಸುಮಾರು 900 ಎಕರೆಗಳ ಆ ಕೆರೆಗೆ ನಗರದ ಚರಂಡಿಯ ನೀರು ದಶಕಗಳ ಕಾಲ ಬಂದು ಸೇರಿತು. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಕೆರೆಯಲ್ಲಿ ಮತ್ತೆ ಬೆಂಕಿ ಎದ್ದಿತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2018ರ ಡಿಸೆಂಬರಿನಲ್ಲಿ ರಾಜ್ಯ ಸರಕಾರಕ್ಕೆ 50 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ನೀರನ್ನು ಕೆಡಿಸಿದವರು ಮೇಲಿನ ದಿಣ್ಣೆಗಳಲ್ಲಿ ಸುಖವಾಗಿದ್ದರು. ಹೊಗೆಯನ್ನೂ ದುರ್ಗಂಧವನ್ನೂ ಉಂಡವರು ದಡದ ಜನರು. ‘ದುಷ್ಟ’, ‘ದೂಷಿತ’ ಎಂಬೆರಡೂ ‘ದುಷ್’ ಎಂಬ ಒಂದೇ ಧಾತುವಿನಿಂದ ಬಂದ ಶಬ್ದಗಳು: ತಾನೇ ಕೆಟ್ಟುದು ದುಷ್ಟ, ಇನ್ನೊಬ್ಬರಿಂದ ಕೆಡಿಸಲ್ಪಟ್ಟುದು ದೂಷಿತ. ಕೆರೆಯು ದೂಷಿತವೆಂಬುದರಲ್ಲಿ ವಾದವಿಲ್ಲ. ದುಷ್ಟನಾರೆಂದು ಕೇಳಿದರೆ ಮಾತ್ರ, ಪ್ರತಿಯೊಂದು ಮನೆಯ ಬಚ್ಚಲೂ ಉತ್ತರದಲ್ಲಿ ಪಾಲುಗೊಳ್ಳಬೇಕಾಗುವುದು. ಕಾಲುವೆಯೇ ಕೆಟ್ಟ ಮೇಲೆ, ಬಳಿಯಲ್ಲಿರುವ ಮರವು ನೀತಿವಂತನದೋ ದುಷ್ಟನದೋ ಎಂದು ನೀರು ವಿಚಾರಿಸುವುದಿಲ್ಲ.

ಯೆಹೆಜ್ಕೇಲನ ಗ್ರಂಥದ 18ನೆಯ ಅಧ್ಯಾಯವು ಇದಕ್ಕೆ ಸಮಾಧಾನವನ್ನು ಕೊಡುತ್ತದೆ. ದುಷ್ಟತನವು ಹುಟ್ಟಿನಿಂದ ಬಂದ ಜಾತಿಯಲ್ಲ. ತಂದೆಯ ದೋಷವು ಮಗನಿಗೆ ತಗಲದು. ದುಷ್ಟನು ತನ್ನ ಮಾರ್ಗವನ್ನು ಬಿಟ್ಟು ತಿರುಗಿದರೆ ಬಾಳುವನು, ನೀತಿವಂತನು ಮಾರ್ಗ ತಪ್ಪಿದರೆ ಹಿಂದಿನ ಸುಕೃತವು ಅವನನ್ನು ಕಾಯದು. ಬೆಂಕಿಯ ತರುವಾಯದ ವರುಷಗಳಲ್ಲಿ ಬೆಳ್ಳಂದೂರಿನ ಕೆರೆಯ ಹೂಳೆತ್ತುವ ಕೆಲಸವು ಆರಂಭವಾಯಿತು. ಹೂಳು ಯಂತ್ರದಿಂದ ಹೋಗಬಹುದು; ಕೆಡಿಸುವ ಮಾರ್ಗದಿಂದ ತಿರುಗುವುದು ಮನುಷ್ಯನ ಕೆಲಸ. ತೂಬನ್ನಿರಿಸಿದ ಸಿರಿಮಯ್ಯನ ಹೆಸರು ಸಾವಿರದ ನೂರು ವರ್ಷಗಳ ಮೇಲೂ ಕಲ್ಲಿನಲ್ಲಿ ಉಳಿದಿದೆ. ಕೆಡಿಸಿದವರ ಹೆಸರನ್ನು ಯಾವ ಕಲ್ಲೂ ಹೊತ್ತಿಲ್ಲ.