ಬ್ಯಾರನ್ನಿನ ಬಿಸಿ

ಉಷ್ಣವನ್ನು ಒಂದೆಡೆ ಹುಟ್ಟಿಸಿ ಕೊಳವೆಗಳ ಮೂಲಕ ಮನೆಮನೆಗೂ ಒಯ್ಯುವ ವ್ಯವಸ್ಥೆಯನ್ನು ಬರ್ಡ್ಸಿಲ್ ಹಾಲಿ ಎಂಬಾತನು 1877ರಲ್ಲಿ ಅಮೆರಿಕದ ಲಾಕ್‌ಪೋರ್ಟ್ ಪಟ್ಟಣದಲ್ಲಿ ಕಟ್ಟಿದನು. ಚಳಿಗೆ ಕಂಬಳಿಯೊಂದೇ ಸಾಕೆನ್ನುವ ನಮ್ಮ ಸೀಮೆಗೆ ಅದರ ಹಂಗಿರಲಿಲ್ಲವಾದರೂ, ಒಲೆ ಹೊರಗೆ, ಬಿಸಿ ಒಳಗೆ ಎಂಬ ತತ್ತ್ವ ಮಾತ್ರ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಹೊಲಗಳಿಗೆ ಹೊಗೆಸೊಪ್ಪನ್ನು ಕಾವಿನಿಂದ ಹದಗೊಳಿಸುವ ಕೋಣೆಯಾದ ಬ್ಯಾರನ್ನಿನ ರೂಪದಲ್ಲಿ ಬಂದು ನೆಲೆಸಿತು.

ಈ ವಿದ್ಯೆಯ ಮೂಲವನ್ನು 1839ರ ಉತ್ತರ ಕೆರೊಲಿನದಲ್ಲಿ ಗುರುತಿಸುವುದು ವಾಡಿಕೆ. ಸ್ಲೇಡ್ ಮನೆತನದ ತೋಟದಲ್ಲಿ ಸ್ಟೀಫನ್ ಎಂಬ ಗುಲಾಮನು ಆರುತ್ತಿದ್ದ ಬೆಂಕಿಗೆ ಇದ್ದಿಲು ಸುರಿಯಲು, ಒಮ್ಮೆಗೇ ಏರಿದ ಕಾವಿಗೆ ಸೊಪ್ಪು ಹೊಂಬಣ್ಣಕ್ಕೆ ತಿರುಗಿತಂತೆ. ಜಗದ್ವ್ಯಾಪಿಯಾದ ಒಂದು ವ್ಯಾಪಾರದ ಆದ್ಯ ಶ್ರೇಯಸ್ಸು ಕೂಲಿಯೇ ದೊರೆಯದ ಒಬ್ಬನಿಗೆ ಸಲ್ಲತಕ್ಕುದೆಂಬುದನ್ನು ಮರೆಯಲಾಗದು. ಮುಂದೆ ಒಲೆಯ ಬಾಯಿ ಗೋಡೆಯ ಹೊರಕ್ಕೆ ಸರಿಯಿತು. ಹೊಗೆಯು ತಗಡಿನ ಕೊಳವೆಗಳಲ್ಲಿ ನೆಲದ ಮೇಲೆ ಸುತ್ತಿ ಚಿಮಣಿಯಿಂದ ಹೊರಬೀಳಲಾಗಿ, ಸೊಪ್ಪಿಗೆ ಹೊಗೆ ತಾಗದೆ ಕಾವಷ್ಟೇ ತಾಗುವಂತಾಯಿತು.

ಈ ಕಾವನ್ನು ಆಳುವುದು ಸುಲಭವಲ್ಲ. ಕೋಲುಗಳಿಗೆ ಕಟ್ಟಿ ಅಂತಸ್ತು ಅಂತಸ್ತಾಗಿ ತೂಗಹಾಕಿದ ಹಸಿಸೊಪ್ಪು ಮೊದಲು 32ರಿಂದ 38 ಡಿಗ್ರಿ ಸೆಲ್ಸಿಯಸ್ಸಿನ ತೇವಭರಿತ ಶಾಖದಲ್ಲಿ ಹಳದಿಯಾಗಬೇಕು. ಬಳಿಕ 50ರ ಆಸುಪಾಸಿನಲ್ಲಿ ಎಲೆ ಒಣಗಬೇಕು. ಕಡೆಗೆ 70ರ ಸಮೀಪದಲ್ಲಿ ನಡುನರ ಮುರಿಯುವಂತಾಗಬೇಕು. ಐದಾರು ದಿನಗಳ ಈ ಕೆಲಸದಲ್ಲಿ ಅವಸರದಿಂದ ಸೌದೆ ತುರುಕಿದರೆ ಹಸುರು ಉಳಿಯುತ್ತದೆ, ನಿದ್ದೆ ಹತ್ತಿ ಬೆಂಕಿ ಕುಗ್ಗಿದರೆ ಕಂದು ಬಣ್ಣ ಇಳಿಯುತ್ತದೆ. ಆದುದರಿಂದಲೇ ಬ್ಯಾರನ್ನಿನ ಬಾಗಿಲಲ್ಲಿ ರಾತ್ರಿಯ ಕಾವಲು.

1976ರಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿಯು ಕರ್ನಾಟಕದಲ್ಲಿ 1984ರಿಂದ ಹರಾಜು ನಡೆಸತೊಡಗಿತು. ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ಬೇಲು ಬಿಚ್ಚಿ ನೋಡುವವನಿಗೆ ಕಾಣುವುದು ಸೊಪ್ಪಿನ ಬಣ್ಣ, ಮೈ, ಕಲೆಗಳೇ ಹೊರತು ಅದಕ್ಕೆ ಉರಿದ ಸೌದೆಯಲ್ಲ. ಹೀಗಾಗಿ ರೈತನ ಜಾಣ್ಮೆಯೆಲ್ಲವೂ ಬಹುಕಾಲ ಬಣ್ಣಕ್ಕೆ ಮೀಸಲಾಗಿ, ಗೋಡೆಯಿಂದಲೂ ಮಾಡಿನಿಂದಲೂ ಸೋರಿಹೋಗುವ ಶಾಖದ ಕಡೆಗೆ ಲಕ್ಷ್ಯ ತಡವಾಗಿ ಹರಿಯಿತೆಂದು ನನಗೆ ತೋರುತ್ತದೆ. ಒಂದು ಕಿಲೋ ಒಣಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಬೇಡುವ ಈ ಕಸುಬಿನ ಮಗ್ಗುಲಲ್ಲೇ ನಾಗರಹೊಳೆಯ ಕಾಡಿರುವುದನ್ನು ನೆನೆದರೆ, ಆ ತಡ ಸಣ್ಣದಲ್ಲ.

ಸೌದೆ ತುಟ್ಟಿಯಾದ ಮೇಲೆ ಒಲೆಯ ವಿನ್ಯಾಸ ಬದಲಾಯಿತು, ಮಾಡಿಗೆ ಶಾಖನಿರೋಧಕ ಹೊದಿಕೆ ಬಂದಿತು, ಕಾಫಿಹೊಟ್ಟಿನಂತಹ ಕಸವೂ ಉರುವಲಾಯಿತು. ಕೋಲಿಗೆ ಕಟ್ಟದೆ ಸೊಪ್ಪನ್ನು ಒತ್ತಾಗಿ ತುಂಬಿ ಪಂಖದಿಂದ ಬಿಸಿಗಾಳಿ ನುಗ್ಗಿಸುವ ಬಗೆಯ ಬ್ಯಾರನ್ನು ಕೂಲಿಯನ್ನೂ ಸೌದೆಯನ್ನೂ ಉಳಿಸಬಲ್ಲುದು. ಆದರೆ ಅದಕ್ಕೆ ಹೆಚ್ಚು ಬಂಡವಾಳವೂ ಕೈಕೊಡದ ವಿದ್ಯುತ್ತೂ ಬೇಕು.

ಅಕ್ಕಪಕ್ಕದ ಬ್ಯಾರನ್ನುಗಳಿಗೆಲ್ಲ ಲಾಕ್‌ಪೋರ್ಟಿನಂತೆ ಒಂದೇ ಒಲೆ ಏಕಾಗಬಾರದೆಂದು ಕೇಳಬಹುದು. ಪ್ರತಿ ಹೊಲದ ಎಲೆ ಬಲಿಯುವ ದಿನವೇ ಬೇರೆ. ಒಬ್ಬನ ಸೊಪ್ಪು 35 ಡಿಗ್ರಿಯಲ್ಲಿ ಹಳದಿಗೆ ತಿರುಗುತ್ತಿರುವಾಗ ನೆರೆಯವನದಕ್ಕೆ 70 ಬೇಕು. ಮನೆಗಳಂತೆ ಎಲ್ಲಕ್ಕೂ ಒಂದೇ ಹದದ ಬಿಸಿ ಸಲ್ಲುವುದಿಲ್ಲವಾದ್ದರಿಂದ, ಕೊಳವೆಕೊಳವೆಗೂ ಬೇರೆಬೇರೆ ನಿಯಂತ್ರಣವನ್ನು ಅಳವಡಿಸುವ ಖರ್ಚಿಗಿಂತ ಇನ್ನೊಂದು ಒಲೆ ಕಟ್ಟುವುದೇ ರೈತನಿಗೆ ಅಗ್ಗ.