ತಟ್ಟೆ ಎಂಬ ಮೇಷ್ಟ್ರು: ಲಂಡನ್ನಿನ ಹುಡುಗರು ಗಿಟಾರ್ ಕಲಿತ ಕಥೆ

ಈಲಿಂಗ್ ಬ್ರಾಡ್‌ವೇ ಸ್ಟೇಷನ್ನಿನಿಂದ ಹೊರಬಿದ್ದು ರಸ್ತೆ ದಾಟಿದರೆ ಅಂಗಡಿಗಳ ನಡುವೆ ಕೆಳಕ್ಕಿಳಿಯುವ ಒಂದು ಇಕ್ಕಟ್ಟಾದ ಓಣಿ ಸಿಗುತ್ತದೆ. ಪಶ್ಚಿಮ ಲಂಡನ್ನಿನಲ್ಲಿರುವ ನಾವುಗಳು ಬೆಳಗಿನ ರೈಲು ಹಿಡಿಯುವ ಧಾವಂತದಲ್ಲಿ ಅದನ್ನು ಕಂಡೂ ಕಾಣದವರಂತೆ ದಾಟಿ ಹೋಗುತ್ತೇವೆ. 2012ರಲ್ಲಿ ಅಲ್ಲೊಂದು ನೀಲಿ ಫಲಕ ಹಾಕಿದ್ದಾರೆ. ಆ ಓಣಿಯ ನೆಲಮಾಳಿಗೆಯಲ್ಲಿ 1962ರ ಮಾರ್ಚ್ 17ರಂದು ಅಲೆಕ್ಸಿಸ್ ಕೋರ್ನರ್ ಮತ್ತು ಸಿರಿಲ್ ಡೇವಿಸ್ ಎಂಬಿಬ್ಬರು ಬ್ಲೂಸ್ ಸಂಗೀತದ ಕ್ಲಬ್ ತೆರೆದರು. ಸೂರಿನಿಂದ ನೀರು ತೊಟ್ಟಿಕ್ಕುತ್ತಿದ್ದ ಆ ಜಾಗದಲ್ಲೇ ಮುಂದೆ ರೋಲಿಂಗ್ ಸ್ಟೋನ್ಸ್ ಆದ ಹುಡುಗರು ಒಬ್ಬರನ್ನೊಬ್ಬರು ಕಂಡುಕೊಂಡದ್ದು.

ಇದೆಲ್ಲ ಎಲ್ಲರಿಗೂ ಗೊತ್ತಿರುವ ಕಥೆ. ನಮಗೆ ಕುತೂಹಲ ಇರುವುದು ಬೇರೆಯದರಲ್ಲಿ. ಈ ಹುಡುಗರಿಗೆ ಗಿಟಾರ್ ಹೇಳಿಕೊಟ್ಟವರು ಯಾರು? ಉತ್ತರ: ಯಾರೂ ಅಲ್ಲ! ಗ್ರಾಮಫೋನ್ ತಟ್ಟೆ ಹಾಕಿ, ಮುಳ್ಳನ್ನು ಎತ್ತಿ ಎತ್ತಿ ಹಿಂದಕ್ಕಿಟ್ಟು, ಕಿವಿಯಿಂದ ಹಿಡಿದು ಬೆರಳಿಗೆ ಇಳಿಸಿಕೊಂಡರು. ಪುಸ್ತಕವಿಲ್ಲ, ಸ್ವರಲಿಪಿಯಿಲ್ಲ, ಎದುರಿಗೆ ಗುರುವೂ ಇಲ್ಲ.

ಇದು ನಡೆದದ್ದು ಲಂಡನ್ನಿನಲ್ಲಿ ಎಂಬುದೇ ಸೋಜಿಗ. ಸಂಗೀತವೆಂದರೆ ಕಾಗದದ ಮೇಲೆ ಅಚ್ಚಾದದ್ದು ಎಂದು ನಂಬಿದ ಊರಿದು. 1889ರಲ್ಲಿ ಹುಟ್ಟಿದ, ಗ್ರೇಡ್ ಪರೀಕ್ಷೆಗಳನ್ನು ನಡೆಸುವ ಮಂಡಲಿಯ ಕಚೇರಿ ಇಲ್ಲಿಯೇ ಇದೆ; ನಮ್ಮ ಮಕ್ಕಳ ಪಿಯಾನೋ ಸರ್ಟಿಫಿಕೇಟುಗಳು ಬರುವುದು ಅಲ್ಲಿಂದಲೇ. ಆ ಕಾಗದದ ಸಂಗೀತದ ವೈಭವಕ್ಕೆ ನಮ್ಮ ಮೈಸೂರಿನ ಕೈಯೂ ಸೇರಿತ್ತೆಂದು ಕೆಲವರಿಗೆ ಗೊತ್ತಿರಲಿಕ್ಕಿಲ್ಲ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊತ್ತಮೊದಲ ಪ್ರದರ್ಶನ ನಡೆದಾಗ ಅದಕ್ಕೆ ಹಣದ ಬೆಂಬಲ ಕೊಟ್ಟವರು ಜಯಚಾಮರಾಜ ಒಡೆಯರು. ತಾವೇ ಬರಲಾಗದ ಕಾರಣ ಅವರಿಗಾಗಿ ಕಚೇರಿಯನ್ನು ತಟ್ಟೆಗಳ ಮೇಲೆ ಮುದ್ರಿಸಲಾಯಿತು. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದ ದೊರೆ ಲಂಡನ್ನಿನ ಲಿಖಿತ ಸಂಗೀತಕ್ಕೆ ಪೋಷಕ. ಇನ್ನು ಐದಾರು ವರ್ಷಕ್ಕೆ ಅದೇ ಲಂಡನ್ನಿನ ಪಡ್ಡೆ ಹುಡುಗರು ಕಾಗದ ಬಿಸುಟು ನಮ್ಮ ಭಾಗವತರ ದಾರಿ ಹಿಡಿದರು. ಯಾರು ಯಾರ ಕಡೆಗೆ ಹೋದರೋ!

ಶುರುವಾದದ್ದು ಲಾನಿ ಡಾನೆಗನ್‌ನಿಂದ. 1954ರಲ್ಲಿ ಮುದ್ರಿಸಿದ ಅವನ ಒಂದು ರೈಲು ಹಾಡು 1956ರ ಆರಂಭದಲ್ಲಿ ಮನೆಮಾತಾಯಿತು. ಸ್ಕಿಫಲ್ ಎಂದು ಅದರ ಹೆಸರು. ಒಂದು ಅಗ್ಗದ ಗಿಟಾರ್, ಬಟ್ಟೆ ಒಗೆಯುವ ಹಲಗೆ, ಚಹಾ ಎಲೆಯ ಪೆಟ್ಟಿಗೆಗೆ ಕೋಲು ದಾರ ಕಟ್ಟಿದ ಬೇಸ್, ಇಷ್ಟೇ ಸಾಮಗ್ರಿ. ಮೂರು ಕಾರ್ಡ್ ಬಂದರೆ ಅರ್ಧ ಲಂಡನ್ನಿನ ಹಾಡುಗಳು ಬಂದಂತೆ. ಅದೇ ವರ್ಷ ಸೋಹೋದ ಓಲ್ಡ್ ಕಾಂಪ್ಟನ್ ಸ್ಟ್ರೀಟಿನ 59ನೇ ನಂಬರಿನಲ್ಲಿ ಟೂ ಐಸ್ ಎಂಬ ಕಾಫಿ ಬಾರ್ ತೆರೆದು, ಅದರ ನೆಲಮಾಳಿಗೆ ಈ ಹುಡುಗರ ಗರಡಿಮನೆಯಾಯಿತು. 1957ರಲ್ಲಿ ಈಸ್ಟ್ ಹ್ಯಾಮಿನ ಬರ್ಟ್ ವೀಡನ್ ಒಂದೇ ದಿನದಲ್ಲಿ ಗಿಟಾರ್ ಕಲಿಸುವುದಾಗಿ ಹೆಸರಿನಲ್ಲೇ ಮಾತು ಕೊಡುವ ಪುಸ್ತಕ ಬರೆದ. ಎರಿಕ್ ಕ್ಲಾಪ್ಟನ್, ಬ್ರಯಾನ್ ಮೇ ಮುಂತಾದವರೆಲ್ಲ ಅದನ್ನು ತಿರುವಿ ಹಾಕಿದವರೇ. ಆದರೆ ಬೆರಳು ಎಲ್ಲಿಡಬೇಕೆಂದು ಹೇಳುವುದಷ್ಟೇ ಪುಸ್ತಕದ ಕೆಲಸ. ಮಡ್ಡಿ ವಾಟರ್ಸ್ ಬಾರಿಸುವಾಗ ಸ್ವರ ಯಾಕೆ ಅಳುತ್ತದೆ ಎಂಬುದು ಯಾವ ಪುಸ್ತಕದಲ್ಲಿ ಬರೆದೀತು?

ಕೇಳಬೇಕೆಂದರೆ ತಟ್ಟೆ ಸಿಗಬೇಕಲ್ಲ. ಡಾಲರ್ ಉಳಿಸುವ ಹಠದಿಂದ ಬ್ರಿಟನ್ 1959ರವರೆಗೂ ಅಮೆರಿಕದ ಗಿಟಾರುಗಳನ್ನು ಒಳಗೆ ಬಿಡುತ್ತಿರಲಿಲ್ಲ. ಅಮೆರಿಕದ ವಾದ್ಯವೃಂದಗಳಿಗೂ ಸಂಗೀತಗಾರರ ಸಂಘದ ಹಟಮಾರಿತನದಿಂದ 1935ರಿಂದ ಎರಡು ದಶಕ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಹಾಗಾಗಿ ಈ ಹುಡುಗರಿಗೆ ಅಮೆರಿಕವೆಂದರೆ ಚೇರಿಂಗ್ ಕ್ರಾಸ್ ರಸ್ತೆಯ ಡೊಬೆಲ್ಸ್ ಅಂಗಡಿಯಲ್ಲಿ ಸಿಗುತ್ತಿದ್ದ ಹತ್ತಾರು ತಟ್ಟೆ, ಅಷ್ಟೇ. ಮಿಕ್ ಜಾಗರ್ ಷಿಕಾಗೋ ಕಂಪನಿಗೆ ನೇರ ಬರೆದು ಅಂಚೆಯಲ್ಲಿ ತರಿಸುತ್ತಿದ್ದ. 1961ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ಸ್ಟೇಷನ್ನಿನಲ್ಲಿ ಕೀತ್ ರಿಚರ್ಡ್ಸ್ ಅವನನ್ನು ಮಾತಾಡಿಸಿದ್ದು ಕಂಕುಳಲ್ಲಿದ್ದ ಚಕ್ ಬೆರ್ರಿ ಮತ್ತು ಮಡ್ಡಿ ವಾಟರ್ಸ್ ತಟ್ಟೆಗಳನ್ನು ನೋಡಿ.

ಈಗ ನಮ್ಮಂಥ ಕಂಪ್ಯೂಟರ್ ಕೂಲಿಗಳಿಗೆ ಇಷ್ಟವಾಗುವ ಭಾಗ. ವೇಗವಾಗಿ ಬಾರಿಸಿದ್ದನ್ನು ಹಿಡಿಯುವುದು ಹೇಗೆ? ಆಗಿನ ಬ್ರಿಟಿಷ್ ರೆಕಾರ್ಡ್ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ನಾಲ್ಕು ವೇಗ: ನಿಮಿಷಕ್ಕೆ 78, 45, 33 ಮತ್ತು 16 ಸುತ್ತು. 33ರ ತಟ್ಟೆಯನ್ನು 16ಕ್ಕೆ ಇಳಿಸಿದರೆ ವೇಗ ಸರಿಯಾಗಿ ಅರ್ಧವಾಗುತ್ತದೆ, ಶ್ರುತಿ ಒಂದು ಸ್ಥಾಯಿ ಕೆಳಗೆ ಹೋಗುತ್ತದೆ, ಸ್ವರಗಳ ಹೆಸರು ಬದಲಾಗುವುದಿಲ್ಲ. ಷಡ್ಜ ಷಡ್ಜವೇ. 45ರದನ್ನು 33ಕ್ಕೆ ಇಳಿಸಿದರೆ ತೊಂದರೆ: ಮಧ್ಯ ಷಡ್ಜ ಮಂದ್ರ ಪಂಚಮದ ಹತ್ತಿರ ಹೋಗಿ ಕೂರುತ್ತದೆ, ಅದೂ ಕೂದಲೆಳೆಯಷ್ಟು ತಗ್ಗಿ. ಆಗ ತಟ್ಟೆಯನ್ನು ಬಿಟ್ಟು ಗಿಟಾರಿನ ಕಿವಿ ಹಿಂಡಿ ತಟ್ಟೆಗೆ ಶ್ರುತಿ ಸೇರಿಸಬೇಕು. ಟೇಪ್ ರೆಕಾರ್ಡರ್ ಇದ್ದವರಿಗೆ ಸೆಕೆಂಡಿಗೆ ಏಳೂವರೆ ಇಂಚಿನದನ್ನು ಮೂರೂ ಮುಕ್ಕಾಲಕ್ಕೆ ಇಳಿಸುವ ಸವಲತ್ತಿತ್ತು. ಶ್ರುತಿ ಕೆಡದಂತೆ ವೇಗ ಮಾತ್ರ ಇಳಿಸುವ ಗಣಿತವನ್ನು ಬೆಲ್ ಪ್ರಯೋಗಶಾಲೆಯ ಫ್ಲಾನಗನ್ ಮತ್ತು ಗೋಲ್ಡನ್ ಪ್ರಕಟಿಸಿದ್ದು 1966ರಲ್ಲಿ. ಇವತ್ತು ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಸಿಗುವುದು ಆ ವಂಶದ್ದೇ. ಆ ಹೊತ್ತಿಗೆ ನಮ್ಮ ಹುಡುಗರು ಕಲಿತು ಮುಗಿಸಿದ್ದರು!

ವಾಲಿಂಗ್ಟನ್ನಿನ ಜೆಫ್ ಬೆಕ್‌ನದು ಇನ್ನೊಂದು ಬಗೆಯ ಹುಚ್ಚು. (ವಾಲಿಂಗ್ಟನ್ ಆಗ ಸರ್ರೆಯಲ್ಲಿತ್ತು, ಗ್ರೇಟರ್ ಲಂಡನ್ನಿಗೆ ಸೇರಿದ್ದು 1965ರಲ್ಲಿ.) ದುಡ್ಡಿಲ್ಲದೆ ಸಿಗಾರ್ ಪೆಟ್ಟಿಗೆಗಳನ್ನು ಅಂಟಿಸಿ ತಾನೇ ಗಿಟಾರ್ ಮಾಡಿಕೊಳ್ಳಲು ಹೊರಟ ಹುಡುಗ. 1956ರಲ್ಲಿ ಜೀನ್ ವಿನ್ಸೆಂಟ್‌ನ ಹಿಂದೆ ನಿಂತು ಬಾರಿಸಿದ ಕ್ಲಿಫ್ ಗ್ಯಾಲಪ್ ಎಂಬವನೇ ಅವನ ಪಾಲಿನ ದ್ರೋಣ. ಗ್ಯಾಲಪ್ ಅದೇ ವರ್ಷ ಆ ತಂಡ ಬಿಟ್ಟ. ಬೆಕ್ ಮಾತ್ರ ಬಿಡಲಿಲ್ಲ. ಜಗತ್ಪ್ರಸಿದ್ಧನಾದ ಮೇಲೆ, 1993ರಲ್ಲಿ, ಗ್ಯಾಲಪ್ ಬಾರಿಸಿದ್ದ ಹಲವನ್ನು ಸ್ವರಸ್ವರವೂ ಹಾಗೆಯೇ ಬಾರಿಸಿ ಒಂದು ಇಡೀ ಆಲ್ಬಮ್ ತಂದ. ಸ್ವಂತದ್ದು ಒಂದೂ ಇಲ್ಲ! ಬಾಯಿಪಾಠವನ್ನು ಒಪ್ಪಿಸಿದ ಹಾಗೆ. ನಮಗೆ ಅವನ ಎಲ್ಲ ಕೆಲಸಕ್ಕಿಂತ ಅದೇ ಹೆಚ್ಚು ಪ್ರಿಯ.

ಇಲ್ಲಿ ಭೀಮಸೇನ ಜೋಶಿಯವರು ನೆನಪಾಗದೆ ಇರುತ್ತಾರೆಯೇ? ಗದಗಿನ ಅಂಗಡಿಯ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಮ್ ಖಾನರ ಠುಮ್ರಿ ಕೇಳಿ, 1933ರಲ್ಲಿ, ಹನ್ನೊಂದರ ಹುಡುಗ ಮನೆ ಬಿಟ್ಟು ಹೊರಟರು. ಆದರೆ ಒಂದು ವ್ಯತ್ಯಾಸ ಗಮನಿಸಿ. ತಟ್ಟೆ ಅವರನ್ನು ಗುರುವನ್ನು ಹುಡುಕಲು ಅಟ್ಟಿತು. ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಕಾಲಿಗೆ ಬಿದ್ದರು. ಲಂಡನ್ನಿನಲ್ಲಿ ತಟ್ಟೆಯೇ ಗುರುವಾಗಿ ನಿಂತಿತು.

ಹಾಗೆ ನಿಂತದ್ದರ ಮಿತಿಯೂ ಇತ್ತು. ಕಿವಿಗೆ ಸ್ವರ ಕೇಳಿಸುತ್ತದೆ, ಕೈ ಕಾಣಿಸುವುದಿಲ್ಲ. ಅಮೆರಿಕದವರು ಮೂರನೆಯ ತಂತಿಯನ್ನು ಸಲೀಸಾಗಿ ಎಳೆದು ಸ್ವರ ಏರಿಸುತ್ತಿದ್ದರು, ವೈಣಿಕರು ಎಳೆದಂತೆ. ಇಲ್ಲಿನವರು ಬೆರಳು ಸೀಳಿಕೊಂಡರೂ ಬರುತ್ತಿರಲಿಲ್ಲ. 1960ರಲ್ಲಿ ಎಡ್ಡಿ ಕಾಕ್ರನ್ ಬ್ರಿಟನ್ ಪ್ರವಾಸಕ್ಕೆ ಬಂದಾಗ ಜೊತೆಯಲ್ಲಿದ್ದ ಜೋ ಬ್ರೌನ್, ಅಕ್ಸ್‌ಬ್ರಿಜ್ಜಿನ ಜಿಮ್ ಸಲಿವನ್ ಮೊದಲಾದವರು ಅವನ ಗಿಟಾರ್ ನೋಡಿ ಬೆಪ್ಪಾದರು. ಇಲ್ಲಿನ ಮೂರನೇ ತಂತಿಗೆ ಮೇಲೆ ಲೋಹದ ಸುರುಳಿ ಸುತ್ತಿರುತ್ತಿತ್ತು. ಅವನದು ಬರೀ ತಂತಿ! ಇಷ್ಟೇ ಗುಟ್ಟು. ಆ ಪ್ರವಾಸದ ಕೊನೆಗೆ, ಏಪ್ರಿಲಿನಲ್ಲಿ, ಕಾಕ್ರನ್ ಕಾರು ಅಪಘಾತದಲ್ಲಿ ತೀರಿಕೊಂಡ. ಗುಟ್ಟು ಲಂಡನ್ನಿನಲ್ಲೇ ಉಳಿಯಿತು.

ಕಿವಿಯಿಂದ ಕಿವಿಗೆ ದಾಟಿದ ಹಾಡು ಹೇಗೆ ಬದಲಾಗುತ್ತದೆ ಎಂಬುದಕ್ಕೆ ನಮ್ಮ ವಚನಗಳ ಓಲೆಗರಿಗಳಂತೆಯೇ ಇಲ್ಲಿಯೂ ಒಂದು ಪಾಠಾಂತರದ ಕಥೆಯಿದೆ. ನಾಟಿಂಗ್ ಹಿಲ್ಲಿನಲ್ಲಿ ಬೆಳೆದ ಡೇವಿ ಗ್ರಹಾಮ್ ಒಂದು ಪುಟ್ಟ ಗಿಟಾರ್ ರಚನೆ ಕಟ್ಟಿದ. ಕೆಳಗಿನ ತಂತಿಗಳಲ್ಲಿ ಸ-ನಿ-ದ-ಪ ಎಂದು ಇಳಿಯುತ್ತಾ ಹೋಗುತ್ತದೆ, ನಿಷಾದ ಧೈವತ ಎರಡೂ ಕೋಮಲ. ಮೇಲೆ ರಾಗ ತನ್ನ ಪಾಡಿಗೆ ಕುಣಿಯುತ್ತಿರುತ್ತದೆ. 1962ರಲ್ಲಿ ತಟ್ಟೆಯಾಗಿ ಬರುವ ಮೊದಲೇ ಟೇಪಿನಲ್ಲಿ ಕೈಯಿಂದ ಕೈಗೆ ಹೋಗಿ ಎಡಿನ್‌ಬರೋದ ಬರ್ಟ್ ಜಾನ್ಶ್‌ನ ಕಿವಿಗೆ ಬಿತ್ತು. ಜಾನ್ಶ್ ಅದನ್ನು ಲಂಡನ್ನಿಗೆ ತಂದು, ನಡುವೆ ಬೇರೊಂದು ಜಾಝ್ ರಾಗದ ತುಣುಕು ಸೇರಿಸಿ 1965ರಲ್ಲಿ ಮುದ್ರಿಸಿದ. ಆಗ ಇಂಗ್ಲೆಂಡಿನಲ್ಲಿ ಹಾಡಿಕೊಂಡಿದ್ದ ಅಮೆರಿಕದ ಪಾಲ್ ಸೈಮನ್ 1966ರ ತನ್ನ ಆಲ್ಬಮ್ಮಿನಲ್ಲಿ ಅದನ್ನೇ ಬಾರಿಸಿದ. ಮೂರು ತಟ್ಟೆಗಳಲ್ಲಿ ಮೂರು ಕಾಗುಣಿತ! ಆಂಜಿ ಎಂಬ ಆ ಹುಡುಗಿಯ ಹೆಸರನ್ನು ಬರೆದು ಕೊಟ್ಟವರು ಯಾರೂ ಇರಲಿಲ್ಲವಲ್ಲ, ಕಿವಿಗೆ ಬಿದ್ದಂತೆ ಬರೆದುಕೊಂಡರು.

ಕೇಳಿ ಕಲಿಯುವುದನ್ನು ಹೊಗಳುವ ಭರದಲ್ಲಿ ಒಂದನ್ನು ಮುಚ್ಚಿಡಬಾರದು. ಏಕಲವ್ಯ ಮಣ್ಣಿನ ಗೊಂಬೆ ಇಟ್ಟುಕೊಂಡು ಕಲಿತ. ಹೆಬ್ಬೆರಳು ಹೋದದ್ದು ಶಿಷ್ಯನದು. ಲಂಡನ್ನಿನಲ್ಲಿ ಹೋದದ್ದು ಗುರುಗಳದು. ಕಪ್ಪು ಅಮೆರಿಕನ್ನರ ಹಾಡುಗಳನ್ನು ಕಿವಿಯಿಂದ ಹಿಡಿದ ಬಿಳಿಯ ಹುಡುಗರು ಕೋಟಿಗಟ್ಟಲೆ ಗಳಿಸಿದರು. ಎಷ್ಟೋ ಸಲ ಮೂಲದವನ ಹೆಸರು ತಟ್ಟೆಯ ಮೇಲೆ ಬರಲೇ ಇಲ್ಲ. ಲೆಡ್ ಜೆಪೆಲಿನ್ ತಂಡ 1969ರಲ್ಲಿ ಹಾಡಿದ್ದೊಂದರಲ್ಲಿ ತನ್ನ ಹಾಡಿದೆಯೆಂದು ವಿಲ್ಲಿ ಡಿಕ್ಸನ್ ಕೋರ್ಟಿಗೆ ಹೋಗಬೇಕಾಯಿತು. 1987ರಲ್ಲಿ ರಾಜಿಯಾಗಿ, ಆಮೇಲೆ ಅವನ ಹೆಸರೂ ಸೇರಿತು. ಬಾಯಿಂದ ಬಾಯಿಗೆ ದಾಟುವ ಸಂಪ್ರದಾಯದಲ್ಲಿ ಗುರುವಿನ ಹೆಸರು ಹೇಳುವುದು ಒಂದು ನಿಯಮ. ನಮ್ಮಲ್ಲಿ ಹಾಡುವ ಮುನ್ನ ಯಾರ ಶಿಷ್ಯರೆಂದು ಹೇಳಿ, ಕಿವಿ ಮುಟ್ಟಿಕೊಳ್ಳುವುದಿಲ್ಲವೇ? ಇಲ್ಲಿ ಕಿವಿ ಕಲಿತರು, ಮುಟ್ಟಿಕೊಳ್ಳುವುದನ್ನು ಕಲಿಯಲಿಲ್ಲ.

ಒಂದು ಸಲ ಮಾತ್ರ ಲೆಕ್ಕ ಸರಿಹೋಯಿತು ಅನ್ನಿಸುತ್ತದೆ. 1970ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯ ಹೌಲಿನ್ ವುಲ್ಫ್, ವಯಸ್ಸು ಅರವತ್ತರ ಹತ್ತಿರ, ಕಾಯಿಲೆ ಬೇರೆ, ಬಾರ್ನ್ಸ್‌ನಲ್ಲಿದ್ದ ಒಲಿಂಪಿಕ್ ಸ್ಟುಡಿಯೋಗೆ ಬಂದ. ಸುತ್ತ ಕೂತವರು ಅವನ ತಟ್ಟೆ ಸವೆಸಿದ ಶಿಷ್ಯಂದಿರು, ಗಿಟಾರ್ ಹಿಡಿದು ಕ್ಲಾಪ್ಟನ್. ಅಷ್ಟು ದೊಡ್ಡ ಹೆಸರಿನ ಕ್ಲಾಪ್ಟನ್, ಈ ಹಾಡನ್ನು ನೀವೇ ಗಿಟಾರ್ ಹಿಡಿದು ಒಮ್ಮೆ ಬಾರಿಸಿ, ನಾವು ಹಿಂದೆ ಬರುತ್ತೇವೆ ಎಂಬ ಅರ್ಥದಲ್ಲಿ ಕೇಳಿಕೊಳ್ಳುತ್ತಾನೆ. ಆ ಮಾತುಕತೆ ಆಲ್ಬಮ್ಮಿನಲ್ಲೇ ಉಳಿದಿದೆ. ಮುದುಕ ಬಾರಿಸಿ ತೋರಿಸುತ್ತಾನೆ. ಹತ್ತು ಹದಿನೈದು ವರ್ಷದ ತಟ್ಟೆಪಾಠದ ನಂತರ ಮೊದಲ ನಿಜವಾದ ಪಾಠ!

ನಮ್ಮ ಬಳಗದಲ್ಲಿ ಗಿಟಾರ್ ಹಿಡಿದವರು ನಾಲ್ಕೈದು ಜನ ಇದ್ದೇವೆ. ನಾವು ಹಿಡಿಯಲು ಹೊರಟಿರುವುದು ಭಾವಗೀತೆಗಳನ್ನು. ಮೈಸೂರು ಅನಂತಸ್ವಾಮಿಯವರ, ಅಶ್ವತ್ಥರ ಧಾಟಿಗಳಿಗೆ ಮಾರುಕಟ್ಟೆಯಲ್ಲಿ ಸ್ವರಲಿಪಿಯ ಪುಸ್ತಕ ಹುಡುಕಿ ನೋಡಿ, ಕಷ್ಟವಿದೆ. 1978ರ ನಿತ್ಯೋತ್ಸವ ಕ್ಯಾಸೆಟ್ಟನ್ನು ಸೂಟ್‌ಕೇಸಿನಲ್ಲಿ ತಂದವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ಕ್ಯಾಸೆಟ್ಟಿನ ಫೀತೆ ಸವೆದಿದೆ. ಗ್ರೇಡ್ ಎಂಟು ಪಾಸಾದ ಮೊಮ್ಮಗಳಿಗೆ ಕಾಗದ ಮುಂದಿಟ್ಟರೆ ಬಾಖ್ ಬರುತ್ತಾನೆ. ಅಜ್ಜಿ ಗುನುಗಿದ್ದು ಕೈಗೆ ಬರುವುದಿಲ್ಲ. ದಡ್ಡಿಯಲ್ಲ ಹುಡುಗಿ, ಆ ಕೆಲಸವನ್ನು ಕಿವಿಗೆ ಯಾರೂ ಒಪ್ಪಿಸಿಲ್ಲ.

ಮೊದಲ ತೊಡಕೆಂದರೆ ನಮ್ಮ ಧಾಟಿಗಳಿಗೆ ಕಾರ್ಡ್ ಎಂಬುದೇ ಇಲ್ಲ. ಮೋಹನ ರಾಗದ ಛಾಯೆಯ ಹಾಡೊಂದನ್ನು ತೆಗೆದುಕೊಳ್ಳಿ: ಸ ರಿ ಗ ಪ ದ. ಸ್ಕಿಫಲ್ ಹುಡುಗರ ಮೂರು ಕಾರ್ಡುಗಳನ್ನು ಇದಕ್ಕೆ ಹಚ್ಚಿದರೆ ಮೊದಲನೆಯದು ಸ-ಗ-ಪ, ಸುಖವಾಗಿ ಕೂರುತ್ತದೆ. ಎರಡನೆಯದು ಮ-ದ-ಸ, ರಾಗದಲ್ಲಿಲ್ಲದ ಮಧ್ಯಮ ನುಗ್ಗುತ್ತದೆ. ಮೂರನೆಯದು ಪ-ನಿ-ರಿ, ಕರೆಯದ ನಿಷಾದ ಬರುತ್ತದೆ. ಹಾಡು ಕೂಡಲೇ ಚರ್ಚಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ! ಹಾಗಾಗಿ ನಿಷಾದ ನುಡಿಯುವ ತಂತಿಗಳನ್ನು ಒತ್ತಿ ಮೌನವಾಗಿಸಿ ಬರೀ ಪಂಚಮ-ರಿಷಭ ಮೀಟುವುದು ರೂಢಿ ಮಾಡಿಕೊಂಡೆವು. ಮಧ್ಯಮದ ಜಾಗದಲ್ಲಿ ದ-ಸ-ಗ ಹಿಡಿದರೆ ರಾಗ ಕೆಡುವುದಿಲ್ಲ.

ಈಚೆಗೆ ಇನ್ನೊಂದು ದಾರಿ ಸಿಕ್ಕಿದೆ, ಅದೂ ಡೇವಿ ಗ್ರಹಾಮ್‌ನದೇ. ಅರವತ್ತರ ದಶಕದ ಆರಂಭದಲ್ಲಿ ಮೊರಾಕೊದಲ್ಲಿ ಊದ್ ವಾದಕರ ಜೊತೆ ಬಾರಿಸಲು ಅವನು ಗಿಟಾರಿನ ತಂತಿಗಳನ್ನು ಬೇರೆ ಬಗೆಯಲ್ಲಿ ಶ್ರುತಿ ಮಾಡಿದ. ನಮ್ಮ ಲೆಕ್ಕದಲ್ಲಿ ದಪ್ಪ ತಂತಿಯಿಂದ ಸ ಪ ಸ ಮ ಪ ಸ. ಆ ಮಧ್ಯಮದ ತಂತಿಯೊಂದನ್ನು ಬಿಟ್ಟರೆ ತಂಬೂರಿಯೇ ಸರಿ. ಹೌನ್ಸ್ಲೋದ ಮನೆಯೊಂದರಲ್ಲಿ ತಿಂಗಳಿಗೊಮ್ಮೆ ಗಿಟಾರನ್ನು ಹಾಗೆ ಶ್ರುತಿ ಮಾಡಿಕೊಂಡು, ಕ್ಯಾಸೆಟ್ಟಿನ ಹಾಡನ್ನು ಅರ್ಧ ವೇಗಕ್ಕೆ ಇಳಿಸಿ, ಸಾಲು ಸಾಲಾಗಿ ಹಿಡಿಯುತ್ತಿದ್ದೇವೆ. ಪಲ್ಲವಿ ಬಂದಿದೆ. ಚರಣದ ಎರಡನೇ ಸಾಲಿನಲ್ಲಿ ಅನಂತಸ್ವಾಮಿಯವರು ಧೈವತದಿಂದ ಜಾರುವ ಒಂದು ತಿರುವಿದೆ, ಅದು ಇನ್ನೂ ಬೆರಳಿಗೆ ಬಂದಿಲ್ಲ.