ಆವಿ ಒತ್ತಡದ ಪಾಠ: ಡಾಲ್ಟನ್ನನ ನಳಿಗೆಯಿಂದ ತೊಡಗುವ ಬಗೆ

ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಕೇಳಿದರೆ ಪ್ರೌಢಶಾಲೆಯ ಮಕ್ಕಳು ತಡವರಿಸದೆ ನೂರು ಎನ್ನುತ್ತಾರೆ. ಬೆಂಗಳೂರಿನ ಮಟ್ಟಿಗೆ ಈ ಉತ್ತರ ತಪ್ಪು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರಿನಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕೊತಕೊತ ಕುದಿಯುತ್ತದೆ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88ರ ಸುತ್ತಮುತ್ತ. ಈ ವ್ಯತ್ಯಾಸದ ಕೀಲಿ ಇರುವುದು ಆವಿ ಒತ್ತಡದಲ್ಲಿ. ಪಾಠದಲ್ಲಿ ಮಾತ್ರ ಸಾಮಾನ್ಯವಾಗಿ ಕುದಿಬಿಂದುವೇ ಮುಂದೆ ಬಂದು, ಆವಿ ಒತ್ತಡ ಬಾಯಿಪಾಠದ ವ್ಯಾಖ್ಯೆಯಾಗಿ ಹಿಂದುಳಿಯುತ್ತದೆ. ಈ ಕ್ರಮ ತಿರುಗುಮುರುಗಾಗಬೇಕು.

ಅದಕ್ಕೆ ಜಾನ್ ಡಾಲ್ಟನ್ನನ ನಳಿಗೆಗಿಂತ ಒಳ್ಳೆಯ ಆರಂಭ ಸಿಗದು. ಡಾಲ್ಟನ್ ಎಂದೊಡನೆ ಪರಮಾಣು ಸಿದ್ಧಾಂತ ನೆನಪಾಗುತ್ತದೆ. ಆದರೆ ಅವನ ಮೊದಲ ಗೀಳು ಹವಾಮಾನ. 1787ರಲ್ಲಿ ಆರಂಭಿಸಿದ ಹವೆಯ ದಿನಚರಿಯನ್ನು 1844ರಲ್ಲಿ ತೀರಿಕೊಳ್ಳುವವರೆಗೂ ಬರೆದ. 1801ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯೊಂದರ ಮುಂದೆ ಓದಿದ ಪ್ರಬಂಧಗಳಲ್ಲಿ ಆವಿಯನ್ನು ಅಳೆದ ರೀತಿಯನ್ನು ವಿವರಿಸಿದ. ಮೊದಲು ಒಣ ನಳಿಗೆಗೆ ಪಾದರಸ ತುಂಬಿ, ಬೋರಲು ಹಾಕಿ, ಅದು ನಿಲ್ಲುವ ಮಟ್ಟವನ್ನು ಗುರುತಿಸಿಕೊಂಡ. ಬಳಿಕ ನಳಿಗೆಯ ಒಳಮೈಯನ್ನು ನೀರಿನಿಂದ ತೇವಮಾಡಿ, ಮತ್ತೆ ಪಾದರಸ ತುಂಬಿ, ಗಾಳಿ ನುಸುಳದಂತೆ ಎಚ್ಚರದಿಂದ ಬೋರಲು ಹಾಕಿದ. ಪಾದರಸದ ನೆತ್ತಿಯ ಮೇಲೆ ನೀರಿನ ತೆಳು ಪದರ ನಿಂತಿತು. ಮಟ್ಟ ಮಾತ್ರ ಹಳೆಯ ಗುರುತಿಗಿಂತ ಕೆಳಗಿಳಿದಿತ್ತು. ಎಷ್ಟು ಇಳಿಯಿತೋ ಅಷ್ಟು ಆ ನೀರಿನ ಆವಿಯ ಒತ್ತಡ. ನಳಿಗೆಯ ಸುತ್ತ ಬಿಸಿನೀರು ಸುರಿದರೆ ಇನ್ನಷ್ಟು ಇಳಿಯುತ್ತಿತ್ತು.

ಇಂದಿನ ಅಳತೆಯಂತೆ 20 ಡಿಗ್ರಿಯಲ್ಲಿ ನೀರು ಪಾದರಸವನ್ನು 17.5 ಮಿ.ಮೀ. ಇಳಿಸುತ್ತದೆ, ಎಥನಾಲ್ ಸುಮಾರು 44 ಮಿ.ಮೀ. ಈಥರ್ ಆದರೆ 440ರ ಹತ್ತಿರ, ಅಂದರೆ 760 ಮಿ.ಮೀ. ಕಂಬದ ಅರ್ಧಕ್ಕಿಂತ ಹೆಚ್ಚು!

ಮಕ್ಕಳು ಎಡವುವುದು ಇಲ್ಲೇ. ನೀರು ಹೆಚ್ಚು ಹಾಕಿದರೆ ಒತ್ತಡವೂ ಹೆಚ್ಚಬೇಕಲ್ಲವೇ? ಇಲ್ಲ. ದ್ರವದ ಮೇಲ್ಮೈಯಿಂದ ವೇಗದ ಅಣುಗಳು ಹಾರಿ ಆವಿಯಾಗುತ್ತಲೇ ಇರುತ್ತವೆ, ಆವಿಯ ಅಣುಗಳು ಮರಳಿ ದ್ರವಕ್ಕೆ ಬೀಳುತ್ತಲೇ ಇರುತ್ತವೆ. ಮುಚ್ಚಿದ ಜಾಗದಲ್ಲಿ ಹೋಗುವವು, ಬರುವವು ಸರಿಸಮವಾದಾಗ ಒತ್ತಡ ಏರುವುದನ್ನು ನಿಲ್ಲಿಸುತ್ತದೆ. ಒಂದಿಷ್ಟು ದ್ರವ ಉಳಿದಿದ್ದರೆ ಸಾಕು, ಅದು ಹನಿಯೋ ಬಿಂದಿಗೆಯೋ ಎಂಬುದು ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ಬರುವುದು ತಾಪ. ನೀರಿನ ಆವಿ ಒತ್ತಡ 30 ಡಿಗ್ರಿಯಲ್ಲಿ 31.8 ಮಿ.ಮೀ., 40ರಲ್ಲಿ 55.3 ಮಿ.ಮೀ. ಹೀಗೆ ಏರುತ್ತಾ 97ರಲ್ಲಿ 682 ಮಿ.ಮೀ. ತಲುಪುತ್ತದೆ. ಬೆಂಗಳೂರಿನ ವಾತಾವರಣದ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಒಳಗಿನ ಆವಿ ಹೊರಗಿನ ಗಾಳಿಗೆ ಸರಿಸಾಟಿಯಾದಾಗ ಗುಳ್ಳೆಗಳು ದ್ರವದ ನಡುವೆಯೇ ಹುಟ್ಟಿ ಬೆಳೆಯಬಲ್ಲವು. ಕುದಿತ ಎನ್ನುವುದು ಇದನ್ನೇ.

ಡಾಲ್ಟನ್ನನ ಇನ್ನೊಂದು ಮಾತು ಇಂದಿಗೂ ತರಗತಿಗೆ ಸರಿಯಾಗಿ ಇಳಿದಿಲ್ಲ. ಗಾಳಿ ಇರಲಿ, ಬಿಡಲಿ, ಆವಿಯ ಒತ್ತಡ ಅಷ್ಟೇ ಇರುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಬಟ್ಟೆ ಒಣಗದಿದ್ದರೆ ಗಾಳಿ ನೀರು ಕುಡಿದು ತುಂಬಿದೆ ಎನ್ನುವುದು ಸ್ಪಂಜಿನ ವಿವರಣೆ. ಸುತ್ತ ಇರುವ ಆವಿಯ ಒತ್ತಡ ಆ ತಾಪದ ಮಿತಿಯ ಹತ್ತಿರಕ್ಕೆ ಬಂದಿದೆ, ಬಟ್ಟೆಯಿಂದ ಹೊರಟಷ್ಟೇ ಅಣುಗಳು ಬಟ್ಟೆಗೆ ಮರಳುತ್ತಿವೆ ಎನ್ನುವುದು ಸರಿಯಾದದ್ದು.

ಪಾದರಸ ವಿಷ, ಶಾಲೆಗೆ ಅದು ಬೇಡ. ಸೂಜಿ ತೆಗೆದ ಸಿರಿಂಜ್ ಸಾಕು. 60 ಡಿಗ್ರಿಯ ನೀರನ್ನು ಕಾಲುಭಾಗ ಎಳೆದುಕೊಂಡು, ಗಾಳಿಯನ್ನೆಲ್ಲ ಹೊರದೂಡಿ, ತುದಿಗೆ ಬಿಗಿಯಾಗಿ ಮುಚ್ಚಳ ಹಾಕಿ ದಂಡವನ್ನು ಜೋರಾಗಿ ಎಳೆಯಬೇಕು. ಒಳಗಿನ ಒತ್ತಡ 149 ಮಿ.ಮೀ.ಗೆ ಇಳಿದರೆ ನೀರು ಒಲೆಯಿಲ್ಲದೆ ಕುದಿಯುತ್ತದೆ. ಬಿಸಿನೀರನ್ನು ಶಿಕ್ಷಕರೇ ತುಂಬಿಕೊಡಲಿ. ಮೊದಲ ಗುಳ್ಳೆಗಳಲ್ಲಿ ನೀರಿನಲ್ಲಿ ಕರಗಿದ್ದ ಗಾಳಿಯೂ ಇರಬಹುದಾದ್ದರಿಂದ, ಒಮ್ಮೆ ಕುದಿಸಿ 60ಕ್ಕೆ ಆರಿಸಿದ ನೀರನ್ನೇ ಬಳಸಬೇಕು.